ಭಾಷಣ ಬರೆದುಕೊಳ್ಳುತ್ತಿದ್ದ ಹೂವಪ್ಪ

ಅರವತ್ತರ ದಶಕದಲ್ಲಿ ಸಾಗರ, ಹೊಸನಗರದ ಕಡೆ ಮೈಕಿನ ಮುಂದೆ ನಿಂತು ರಾಜಕೀಯ ಮಾತನಾಡಿದವರೆಲ್ಲ ಪೊಲೀಸ್ ಹೂವಪ್ಪನನ್ನು ಬಲ್ಲರು. ವೇದಿಕೆಯ ಎಡಗಡೆ, ಮೈಕಿನ ಕಂಬದ ಬುಡದಲ್ಲಿ ಅವನದೊಂದು ಸ್ಟೂಲು. ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್ಕು, ಕೈಯಲ್ಲೊಂದು ಪೆನ್ಸಿಲು, ಕಿವಿಯ ಸಂದಿಯಲ್ಲಿ ಮೊನೆ ಮಾಡಿಟ್ಟ ಇನ್ನೊಂದು ಪೆನ್ಸಿಲು. ಸಭೆ ಆಡಳಿತ ಪಕ್ಷದ್ದಾಗಲಿ ವಿರೋಧ ಪಕ್ಷದ್ದಾಗಲಿ, ಆಡಿದ ಮಾತನ್ನು ಬಿಡದೆ ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡು, ಮಾರನೆಯ ದಿನ ಅದನ್ನು ಓದುವ ಕನ್ನಡಕ್ಕೆ ಇಳಿಸಿ, ಕೆಳಗೆ ಸಹಿ ಹಾಕಿ ಠಾಣೆಗೆ ಒಪ್ಪಿಸುವುದು ಅವನ ಕೆಲಸ. ‘ಹೂವಪ್ಪ ಬಂದ್ನಾ? ಹಂಗಾದ್ರೆ ಶುರು ಮಾಡಣ’ ಎನ್ನುವ ಪುಢಾರಿಗಳಿದ್ದರು. ಒಬ್ಬರಂತೂ ಸಭೆಯ ಮಾರನೆಯ ಬೆಳಿಗ್ಗೆ ಅವನ ಕ್ವಾರ್ಟರ್ಸಿಗೇ ಬಂದು, ‘ನಿನ್ನೆ ರಸ್ತೆ ಮಾಡಿಸ್ತೀನಿ ಅಂತ ಯಾವೂರಿನ ಹೆಸರು ಹೇಳ್ದೆ ಮಾರಾಯ?’ ಎಂದು ಕೇಳಿಕೊಂಡು ಹೋಗಿದ್ದರು.

ಅವನು ಆನಂದಪುರದ ಹತ್ತಿರದ ಒಂದು ಗೇಣಿದಾರರ ಮನೆಯವನು. ಅಪ್ಪ ಜಯಪ್ಪನ ಜೊತೆ ಗದ್ದೆಗಿಳಿದರೂ ಅವನ ಗಮನವೆಲ್ಲ ಜನ ಮಾತನಾಡುವುದರ ಮೇಲೆ. ಒಡೆಯರ ಮನೆಯವರು ‘ಇಲ್ಲೆ’ ಎನ್ನುತ್ತಾರೆ, ನಾವು ‘ಇಲ್ಲ’ ಎನ್ನುತ್ತೇವೆ, ಘಟ್ಟ ಹತ್ತಿ ಬಂದವರು ಅದನ್ನೇ ಮೂಗಿನಲ್ಲಿ ಎಳೆಯುತ್ತಾರೆ, ಯಾಕಿರಬಹುದು ಎಂದು ಗದ್ದೆಯ ಬದು ಹಾಕುತ್ತಲೇ ಯೋಚಿಸುತ್ತಿದ್ದ. ಮಿಡ್ಲ್‌ಸ್ಕೂಲು ಮುಗಿಸಿ ಸಾಗರದ ಒಂದು ಜವಳಿ ಅಂಗಡಿಗೆ ಸೇರಿದ. ಅಲ್ಲಿ ಪಕ್ಕದ ಮನೆಯ ಜಗಲಿಯಲ್ಲಿ ನಾರಾಯಣಮೂರ್ತಿ ಎಂಬ ನಿವೃತ್ತ ಗುಮಾಸ್ತರು ರೇಡಿಯೋ ವಾರ್ತೆ ಕೇಳುತ್ತ ಕಾಗದದ ಮೇಲೆ ಇರುವೆ ಸಾಲಿನಂಥದೇನನ್ನೋ ಬರೆಯುವುದನ್ನು ನೋಡಿದ. ಅದೇನೆಂದು ಕೇಳದೆ ಇರಲಾಗಲಿಲ್ಲ. ಮೂರ್ತಿಗಳು ಬರೆದದ್ದನ್ನು ಓದಿ ತೋರಿಸಿದರು. ವಾರ್ತೆಯ ಒಂದು ಮಾತೂ ತಪ್ಪಿರಲಿಲ್ಲ.

ಅವತ್ತಿನಿಂದ ಎರಡು ವರ್ಷ, ಅಂಗಡಿ ಮುಚ್ಚಿದ ಮೇಲೆ ಪಾಠ. ‘ಕಿವಿ ಮುಂದೆ ಇರಬೇಕು, ಬುದ್ಧಿ ಹಿಂದೆ. ಅರ್ಥ ಹುಡುಕ್ತಾ ಕೂತ್ರೆ ಮುಂದಿನ ಮಾತು ತಪ್ಪಿಹೋಗ್ತದೆ’ ಎನ್ನುತ್ತಿದ್ದರು ಮೂರ್ತಿಗಳು. ಹೂವಪ್ಪ ಅರ್ಥ ಹುಡುಕುವುದನ್ನು ಬಿಡಲಿಲ್ಲ. ಬರೆದು ಮುಗಿಸಿದ ಮೇಲೆ ಹುಡುಕುವುದನ್ನು ರೂಢಿ ಮಾಡಿಕೊಂಡ, ಅಷ್ಟೇ. ಐವತ್ತೆಂಟರಲ್ಲಿ ಕನ್ನಡ ಶಾರ್ಟ್‌ಹ್ಯಾಂಡ್ ಬಲ್ಲ ಕಾನ್‌ಸ್ಟೇಬಲ್ಲುಗಳು ಬೇಕೆಂದು ಕರೆ ಬಂತು. ಎತ್ತರ ಸಾಲದೆ ಹೋಗಬಹುದೆಂದು ಹೆದರಿಕೊಂಡೇ ಹೋದ. ಅಳೆದವರು ಕಾಲಂಗುಲ ಕಡಿಮೆ ಬಂದದ್ದನ್ನು ಕಂಡೂ ಕಾಣದ ಹಾಗೆ ಬಿಟ್ಟು ಸೇರಿಸಿಕೊಂಡರು.

ಅರವತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಚುನಾವಣೆಯ ಗಾಳಿ ಎದ್ದಿತ್ತು. ಶರಾವತಿಯ ಅಣೆಕಟ್ಟಿನ ನೀರು ಏರಿ ಊರು ಬಿಟ್ಟು ಬಂದಿದ್ದ ಕೆಲವು ಮನೆಯವರು ಹೊಸನಗರದ ಆಚೆ ಕಾಡಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಅವರನ್ನು ಎಬ್ಬಿಸುವುದಕ್ಕೆ ರಿಸರ್ವ್ ಪೊಲೀಸರು ಬರುತ್ತಾರೆ, ಅವರಿಂದ ಆಗದಿದ್ದರೆ ಮಿಲಿಟರಿಯನ್ನೇ ಕರೆಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಸುದ್ದಿಯಲ್ಲಿ ಎಷ್ಟು ನಿಜವಿತ್ತೋ, ಎರಡು ಪಕ್ಷಗಳಿಗೂ ಅದರಿಂದ ಪ್ರಯೋಜನವಿತ್ತು. ಆಡಳಿತ ಪಕ್ಷದ ಕಡೆಯಿಂದ ಓಡಾಡುತ್ತಿದ್ದವರು ಅಕ್ಕಿ ಗಿರಣಿಯ ರಾಮಚಂದ್ರಪ್ಪ. ವಿರೋಧ ಪಕ್ಷದ ಕಡೆಯವರು ಸಾಗರದ ವಕೀಲ ಮಹಾಗಣಪತಿ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಈಗ ಒಬ್ಬರು ಬರುವ ಮದುವೆ ಮನೆಗೆ ಇನ್ನೊಬ್ಬರು ಬರುತ್ತಿರಲಿಲ್ಲ.

ನವೆಂಬರಿನಲ್ಲಿ ಹೊಸನಗರದ ಸಂತೆ ಮೈದಾನದಲ್ಲಿ ಮಹಾಗಣಪತಿಯವರ ಸಭೆ. ಜನರ ನಡುವೆ ಯೂನಿಫಾರ್ಮಿನಲ್ಲಿ ಒಬ್ಬ ಸಿಪಾಯಿ ನಿಂತಿದ್ದ. ರಜೆಯ ಮೇಲೆ ಬಂದಿದ್ದ ಲ್ಯಾನ್ಸ್ ನಾಯಕ್ ಭೂತಪ್ಪ, ಹಿಂದಿನ ವರ್ಷದ ಯುದ್ಧ ನೋಡಿ ಬಂದವನು. ಪಕ್ಕದಲ್ಲಿ ಅವನ ತಾಯಿ ಕೆರಿಯಮ್ಮ. ಮಹಾಗಣಪತಿ ಮಾತಿನ ಮಧ್ಯೆ ಅವನನ್ನು ನೋಡಿ ಕೈ ತೋರಿಸಿದರು. ಹೂವಪ್ಪ ಬರೆದುಕೊಂಡದ್ದು ಇಷ್ಟು:

‘ನೋಡಿ, ನಮ್ಮ ಜವಾನರೊಬ್ಬರು ಇಲ್ಲೇ ನಿಂತಿದಾರೆ. ನಾಳೆ ಇವ್ರಿಗೆ ಮೇಲಿಂದ ಹುಕುಂ ಬರ್ತದೆ, ನಿಮ್ಮೂರ ಜನರ ಗುಡಿಸ್ಲು ಕೀಳಿಸು, ಎದುರು ನಿಂತ್ರೆ ಗುಂಡು ಹಾರಿಸು ಅಂತ. ಸಿಪಾಯಿ ಆದೋನು ಅದನ್ನ ಪಾಲಿಸಬ್ಯಾಡ್ವಾ?’

ಅಷ್ಟು ಹೇಳಿ ಅವರು ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಮೈಕು ಗೊರಗೊರ ಎಂದು ಸತ್ತುಹೋಯಿತು. ಸಿಪಾಯಿಯ ತುಟಿ ಅಲ್ಲಾಡಿದ್ದು ಹೂವಪ್ಪನಿಗೆ ಕಂಡಿತು, ಏನೆಂದದ್ದು ಕೇಳಿಸಲಿಲ್ಲ. ಕಾಲು ಗಂಟೆ ಬಿಟ್ಟು ಮೈಕು ಸರಿಯಾದಾಗ ಮಹಾಗಣಪತಿ ಅಡಿಕೆ ಧಾರಣೆಯ ವಿಚಾರಕ್ಕೆ ಹೋದರು.

ಮಾರನೆಯ ದಿನ ಹೂವಪ್ಪ ಎಂದಿನಂತೆ ಪ್ರತಿ ಬರೆದು ಇನ್ಸ್‌ಪೆಕ್ಟರ ಮೇಜಿನ ಮೇಲಿಟ್ಟ. ಅವರು ಎರಡು ಸಲ ಓದಿದರು. ಆ ಹೊತ್ತಿಗಾಗಲೇ ರಾಮಚಂದ್ರಪ್ಪ ಬಂದು, ಮಹಾಗಣಪತಿ ಬಹಿರಂಗ ಸಭೆಯಲ್ಲಿ ಮಿಲಿಟರಿಯವನಿಗೆ ದಂಗೆ ಏಳು ಎಂದು ಹೇಳಿದ್ದಾರೆ, ಸುಮ್ಮನೆ ಬಿಡಬಾರದು ಎಂದು ಹೇಳಿ ಹೋಗಿದ್ದರು.

‘ಪಾಲಿಸಬ್ಯಾಡ್ವಾ ಅಂತ ಬರ್ದಿದೀಯಲ್ಲ,’ ಎಂದರು ಇನ್ಸ್‌ಪೆಕ್ಟರು.

‘ಹೌದು ಸಾರ್. ಹಂಗೇ ಹೇಳಿದ್ರು.’

‘ಪಾಲಿಸಬೇಕು ಅಂತ ಹೇಳಕ್ಕೆ ಅವ್ರು ಅಲ್ಲಿಗೆ ಹೋಗಿದ್ರೇನಯ್ಯ? ಪಾಲಿಸಬ್ಯಾಡ ಅಂತ್ಲೇ ಅವ್ರ ಅರ್ಥ. ಕೊನೇಲಿ ಮೈಕು ಗೊರಗೊರ ಅಂದಿದ್ದು ನಿಂಗೆ ‘ವಾ’ ಅಂತ ಕೇಳ್ಸಿರಬೇಕು. ಅದನ್ನ ತೆಗೆದು ಬೇರೆ ಪ್ರತಿ ಮಾಡು.’

ಹೂವಪ್ಪ ನಿಂತೇ ಇದ್ದ.

‘ನಂಗೂ ಮೇಲಿಂದ ಬಂದಿದೆ ಹೂವಪ್ಪ,’ ಎಂದರು ಅವರು, ಸ್ವಲ್ಪ ತಗ್ಗಿದ ದನಿಯಲ್ಲಿ. ಅವರು ಕೆಟ್ಟವರಲ್ಲ. ಅವನ ಹೆಂಡತಿಯ ಬಾಣಂತನಕ್ಕೆ ಕೇಳದೆ ರಜೆ ಕೊಟ್ಟವರು.

ಹೂವಪ್ಪ ಹೊರಗೆ ಬಂದು ಕೂತು ಬೇರೆ ಪ್ರತಿ ಮಾಡಿದ. ಮುಕ್ಕಾಲು ಪುಟದಲ್ಲಿ ಒಂದು ಅಕ್ಷರ ಕಡಿಮೆ. ‘ಇದು ನನ್ನ ಟಿಪ್ಪಣಿಯ ನಿಜ ಪ್ರತಿ’ ಎಂದು ಕೆಳಗೆ ಬರೆದು ಸಹಿ ಹಾಕಿದ. ಎಂದಿನಷ್ಟೇ ಸಲೀಸಾಗಿ ಹಾಕಿದ. ಹಾಗೆ ಸಲೀಸಾಗಿ ಬಂದದ್ದೇ ಅವನಿಗೆ ಆಮೇಲೆ ಬಹಳ ದಿನ ಸೋಜಿಗವಾಗಿ ಉಳಿಯಿತು.

ಸರ್ಕಾರದ ಮಂಜೂರಾತಿ ಬೇಗ ಬಂತು. ಸಿಪಾಯಿಯನ್ನು ಕರ್ತವ್ಯ ತಪ್ಪುವಂತೆ ಪ್ರೇರೇಪಿಸಿದರೆಂದು ಮಹಾಗಣಪತಿಯವರ ಮೇಲೆ ಕೇಸಾಯಿತು. ವಿರೋಧ ಪಕ್ಷದವರು ಪೇಟೆಯಲ್ಲಿ ಮೆರವಣಿಗೆ ಮಾಡಿ, ಚುನಾವಣೆಗೆ ನಿಲ್ಲುವವರನ್ನು ಜೈಲಿಗೆ ಕಳಿಸುವ ಸಂಚು ಇದು ಎಂದು ಕೂಗಿದರು. ಆಡಳಿತ ಪಕ್ಷದವರು ಇನ್ನೊಂದು ಮೆರವಣಿಗೆ ಮಾಡಿ, ಗಡಿಯಲ್ಲಿ ಪ್ರಾಣ ಕೊಡುವವರಿಗೆ ಅವಿಧೇಯತೆ ಕಲಿಸುವವರು ದೇಶದ್ರೋಹಿಗಳು ಎಂದು ಕೂಗಿದರು. ಎರಡು ಮೆರವಣಿಗೆಯ ಘೋಷಣೆಗಳನ್ನೂ ಬರೆದುಕೊಂಡವನು ಹೂವಪ್ಪನೇ.

ಭೂತಪ್ಪನ ಹೇಳಿಕೆ ತೆಗೆದುಕೊಳ್ಳಬೇಕಿತ್ತು. ಠಾಣೆಗೆ ಬರಬೇಕೆಂಬ ನೋಟೀಸನ್ನು ತಾನೇ ಕೊಟ್ಟುಬರುತ್ತೇನೆಂದು ಹೂವಪ್ಪ ಕೇಳಿ ತೆಗೆದುಕೊಂಡ. ಸಿಪಾಯಿಯ ತುಟಿ ಅಲ್ಲಾಡಿದ್ದು ಅವನ ತಲೆಯಿಂದ ಹೋಗಿರಲಿಲ್ಲ. ಹೊಸನಗರದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದು ಹೋದ. ಭೂತಪ್ಪ ಮನೆಯ ಹಿಂದೆ ಬೇಲಿಗೆ ಗೂಟ ಬಡಿಯುತ್ತಿದ್ದ. ನೋಟೀಸು ಓದಿ ಮಡಿಸಿ ಕಿಸೆಗಿಟ್ಟುಕೊಂಡ. ಕೆರಿಯಮ್ಮ ಬೆಲ್ಲ, ನೀರು ತಂದಿಟ್ಟಳು.

‘ಒಂದು ಕೇಳ್ತೀನಿ, ಡ್ಯೂಟಿಗಲ್ಲ,’ ಎಂದ ಹೂವಪ್ಪ. ‘ಅವತ್ತು ವಕೀಲ್ರು ಕೇಳ್ದಾಗ ನೀವು ಏನೋ ಅಂದ್ರಿ. ಏನಂದ್ರಿ?’

ಭೂತಪ್ಪ ನೆನಪು ಮಾಡಿಕೊಂಡು ನಕ್ಕ. ‘ವಕೀಲ್ರಿಗಲ್ಲ. ಅವ್ವನ್ನ ಕೇಳ್ದೆ, ಬಾಳೆಹಣ್ಣು ಇಷ್ಟು ಸಾಕಾ, ಇನ್ನೊಂದು ಚಿಪ್ಪು ತಗಳಣಾ ಅಂತ.’

‘ಅವ್ರು ಕೇಳಿದ್ದು ಕೇಳ್ಸಿತ್ತಾ ನಿಮ್ಗೆ?’

‘ಕೇಳ್ಸಿತು. ಪಾಲಿಸಬ್ಯಾಡ್ವಾ ಅಂದ್ರು.’

‘ವಾ ಇತ್ತಾ?’

‘ಇತ್ತಲ್ಲ. ಯಾಕೆ?’

ಹೂವಪ್ಪ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದ. ‘ನಿಜವಾಗಿ ಅಂಥ ಹುಕುಂ ಬಂದ್ರೆ ಏನು ಮಾಡ್ತೀರಿ?’ ಎಂದ.

ಭೂತಪ್ಪ ಗೂಟ ಬಡಿಯುವುದನ್ನು ಬಿಟ್ಟು ಕೂತ. ‘ಹೋದ್ವರ್ಷ ಗಡಿ ಆಚೆ ಒಂದು ಹಳ್ಳಿ ಹೊಕ್ಕಿದ್ವಿ. ಊರು ಖಾಲಿ. ಒಂದು ಹುಲ್ಲಿನ ಕೊಟ್ಟಿಗೆ ಒಳಗೆ ಏನೋ ಸದ್ದು. ಸಾಹೇಬ್ರು ಫೈರ್ ಅಂದ್ರು. ನಂಗೆ ಯಾಕೋ ಅನುಮಾನ. ಕೇಳ್ಸಲಿಲ್ಲ ಸಾಬ್, ಇನ್ನೊಂದ್ಸಲ ಹೇಳಿ ಅಂದೆ. ಅವ್ರು ಇನ್ನೊಂದ್ಸಲ ಹೇಳಿದ್ರು, ಸ್ವಲ್ಪ ಸಣ್ಣಕೆ. ಮತ್ತೆ ಕೇಳ್ಸಲಿಲ್ಲ ಅಂದೆ. ಮೂರನೇ ಸಲ ಅವ್ರು ಹೇಳ್ಲಿಲ್ಲ. ಹೋಗಿ ನೋಡ್ಕಂಬಾ ಅಂದ್ರು. ಒಳಗೆ ಒಬ್ಬ ಮುದುಕ, ಕಾಲು ಬರ್ದೋನು, ಒಂದು ಆಡು ಹಿಡ್ಕಂಡು ಕೂತಿದ್ದ.’

‘ಸಾಹೇಬ್ರು ಬೈದ್ರಾ?’

‘ಇಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಪಕ್ಕಕ್ಕೇ ಬಂದು ಕೂತ್ರು.’ ಭೂತಪ್ಪ ಮಣ್ಣಿನಲ್ಲಿ ಬೆರಳಾಡಿಸಿದ. ‘ಅದಕ್ಕೂ ಎರಡು ದಿನ ಮುಂಚೆ ಬೇರೆ ಊರಲ್ಲಿ ಇಂಥದೇ ಒಂದು ಕೊಟ್ಟಿಗೆ. ಅವಾಗ ನಾನು ಕೇಳ್ಲಿಲ್ಲ. ಹೊಡ್ದೆ. ಒಳಗೆ ಏನಿತ್ತು ಅಂತ ನೋಡಕ್ಕೂ ಹೋಗ್ಲಿಲ್ಲ, ಮುಂದೆ ಹೋಗು ಅಂದ್ರು, ಹೋದ್ವಿ.’

ಕೆರಿಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ‘ಇದನ್ನ ನಂಗೆ ಹೇಳ್ಲೇ ಇಲ್ಲ ನೀನು,’ ಎಂದಳು.

‘ಯಾರೂ ಕೇಳ್ಲಿಲ್ಲಲ ಅವ್ವ,’ ಎಂದ ಭೂತಪ್ಪ.

ಠಾಣೆಯಲ್ಲಿ ಭೂತಪ್ಪ ಕೊಟ್ಟ ಹೇಳಿಕೆಯಲ್ಲಿ ಆಡು, ಮುದುಕ ಯಾವುದೂ ಇರಲಿಲ್ಲ. ‘ಭಾಷಣ ಕೇಳಿದೆ, ನನಗೆ ಏನೂ ಅನ್ನಿಸಲಿಲ್ಲ’ ಎಂದಷ್ಟೇ ಹೇಳಿದ. ಅದು ಯಾರಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ. ರಜೆ ಮುಗಿದು ಅವನು ಹೋದ. ಮುಂದೆ ಕೋರ್ಟಿನ ಸಮನ್ಸು ಹೋದಾಗ, ಸದ್ಯಕ್ಕೆ ಅವನನ್ನು ಕಳಿಸಿಕೊಡಲಾಗುವುದಿಲ್ಲ ಎಂದು ಪಲ್ಟನ್ನಿನಿಂದ ಕಾಗದ ಬಂತು.

ಚುನಾವಣೆಯಲ್ಲಿ ಮಹಾಗಣಪತಿ ಸೋತರು. ಕೇಸು ಮಾತ್ರ ಉಳಿಯಿತು. ಅರವತ್ತೇಳರ ಜುಲೈನಲ್ಲಿ ವಿಚಾರಣೆ ಬಂತು. ಸಿಪಾಯಿ ಇಲ್ಲ ಎಂದಮೇಲೆ ಕೇಸೆಲ್ಲ ಹೂವಪ್ಪನ ಮೇಲೆ ನಿಂತಿತ್ತು. ಹಿಂದಿನ ದಿನ ಇನ್ಸ್‌ಪೆಕ್ಟರು ಅವನನ್ನು ಕರೆದು ಆ ನೋಟ್‌ಬುಕ್ಕನ್ನು ಮುಂದೆ ಇರಿಸಿದರು. ಪಕ್ಕದಲ್ಲಿ ಒಂದು ರಬ್ಬರು.

‘ಪೆನ್ಸಿಲಲ್ಲಿ ಬರ್ದಿದೀಯ, ಒಳ್ಳೇದಾಯ್ತು,’ ಎಂದರು. ‘ನಿನ್ನ ‘ವಾ’ ಯಾವುದು?’

ಹೂವಪ್ಪ ತೋರಿಸಿದ. ಸಾಲಿನ ಕೊನೆಯಲ್ಲಿ ಉಗುರಿನ ಚೂರಿನಷ್ಟು ಒಂದು ಕೊಕ್ಕೆ.

‘ಒರೆಸು.’

ಹೂವಪ್ಪ ರಬ್ಬರನ್ನು ನೋಡಿದ. ‘ಸಾರ್, ಇದನ್ನ ಬರವಣಿಗೇಲಿ ಕೊಡ್ತೀರಾ?’

‘ಏನನ್ನ?’

‘ಒರೆಸು ಅನ್ನೋ ಹುಕುಂನ.’

ಇನ್ಸ್‌ಪೆಕ್ಟರು ರಬ್ಬರನ್ನು ಡ್ರಾಯರಿಗೆ ಹಾಕಿ, ‘ಪ್ರತಿಗೆ ಸಹಿ ಹಾಕಿದೀಯ, ಮರೀಬೇಡ. ಅದನ್ನ ಓದು, ಸಾಕು’ ಎಂದರು.

ಕೋರ್ಟಿನಲ್ಲಿ ಅವನು ಪ್ರತಿಯನ್ನೇ ಓದಿದ. ಮಹಾಗಣಪತಿ ತಮ್ಮ ಕೇಸನ್ನು ತಾವೇ ವಾದಿಸುತ್ತಿದ್ದರು. ಪಾಟೀಸವಾಲಿಗೆ ಎದ್ದು, ‘ಮೂಲ ಪುಸ್ತಕ ಇಲ್ಲೇ ಇದೆ. ಇದನ್ನ ಓದಬಲ್ಲವರು ಈ ಕೋರ್ಟಿನಲ್ಲಿ ಸಾಕ್ಷಿ ಒಬ್ಬರೇ. ಅವರೇ ಓದಲಿ’ ಎಂದರು. ಅವರಿಗೆ ಒಳಗಿನದೇನೂ ತಿಳಿದಿರಲಿಲ್ಲ. ತಾವು ಆಡಿದ ಮಾತು ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಒಬ್ಬ ವಕೀಲ ಯಾರನ್ನೇ ಆಗಲಿ ಕೇಳುವ ಪ್ರಶ್ನೆ ಅದು.

ಆ ಕ್ಷಣದವರೆಗೂ ತಾನು ಏನು ಮಾಡುತ್ತೇನೆಂದು ಹೂವಪ್ಪ ತೀರ್ಮಾನಿಸಿರಲಿಲ್ಲ. ಪುಸ್ತಕ ಕೈಗೆ ಬಂತು. ಗೆರೆಗಳನ್ನು ನೋಡುತ್ತ ಹೋದ ಹಾಗೆ ಸಂತೆಯ ಗದ್ದಲ, ಮಹಾಗಣಪತಿಯವರ ದನಿ ಎಲ್ಲ ಕಿವಿಯಲ್ಲಿ ಎದ್ದು ಬಂದವು. ಕೊನೆಯ ಸಾಲಿಗೆ ಬಂದ. ‘ಸಿಪಾಯಿ ಆದೋನು ಅದನ್ನ ಪಾಲಿಸಬ್ಯಾಡ್ವಾ’ ಎಂದು ಓದಿದ.

ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿದರು. ‘ಪ್ರತಿಯಲ್ಲಿ ಪಾಲಿಸಬ್ಯಾಡ ಎಂದಿದೆ.’

‘ಹೌದು ಸ್ವಾಮಿ.’

‘ಕೆಳಗಿನ ಸಹಿ ಯಾರದು?’

‘ನಂದೇ.’

‘ಎರಡರಲ್ಲಿ ಯಾವುದು ಸರಿ?’

‘ಪುಸ್ತಕದ್ದು ಸ್ವಾಮಿ. ಪ್ರತೀಲಿ ಬಿಟ್ಟಿದ್ದು ತಪ್ಪು.’

‘ಯಾಕೆ ಬಿಟ್ಟಿರಿ?’

‘ಬಿಡು ಅಂತ ಹುಕುಂ ಆಗಿತ್ತು.’

‘ಯಾರ ಹುಕುಂ?’

ಹೂವಪ್ಪ ಇನ್ಸ್‌ಪೆಕ್ಟರ ಕಡೆ ನೋಡಲಿಲ್ಲ. ‘ನಮ್ಮ ಸಾಹೇಬ್ರದು’ ಎಂದ.

ಸರ್ಕಾರಿ ವಕೀಲರು ಥಟ್ಟನೆ ಎದ್ದರು. ಅವರು ಜಾಣರು. ‘ಅಂದರೆ ಮೇಲಧಿಕಾರಿಯ ಆದೇಶವನ್ನು ಮೊದಲು ಪಾಲಿಸಿದವರು ಈಗ ತಿರುಗಿಬಿದ್ದಿದ್ದೀರಿ. ಆರೋಪಿಯ ಭಾಷಣ ಕೇಳಿದ ಮೇಲೆಯೇ ನಿಮಗೆ ಈ ಬುದ್ಧಿ ಬಂದದ್ದು, ಅಲ್ಲವೇ?’

ಕೋರ್ಟಿನಲ್ಲಿ ನಗೆ ಎದ್ದಿತು. ಮಹಾಗಣಪತಿಯವರೂ ನಕ್ಕರು. ಹೂವಪ್ಪ ಮಾತ್ರ ನಗಲಿಲ್ಲ. ಅದು ಅವನಿಗೆ ಬಹಳ ಒಳ್ಳೆಯ ಪ್ರಶ್ನೆಯಾಗಿ ಕಂಡಿತು.

‘ಅದನ್ನ ನಾನೂ ಯೋಚನೆ ಮಾಡಿದೀನಿ ಸ್ವಾಮಿ,’ ಎಂದ. ‘ಭಾಷಣದಿಂದ ಬಂತಾ, ಮುಂಚೆನೇ ಇತ್ತಾ, ಗೊತ್ತಾಗ್ಲಿಲ್ಲ.’

ಮ್ಯಾಜಿಸ್ಟ್ರೇಟರು ಅದನ್ನೂ ಹಾಗೇ ಬರೆದುಕೊಂಡರು.

ಕೇಸು ಬಿದ್ದುಹೋಯಿತು. ಕೋರ್ಟಿನ ಮೆಟ್ಟಿಲಲ್ಲಿ ಮಹಾಗಣಪತಿಯವರ ಕಡೆಯವರು ಹಾರ ಹಿಡಿದು ಹೂವಪ್ಪನನ್ನು ಹುಡುಕಿದರು. ಅವನು ‘ಡ್ಯೂಟಿ ಮೇಲಿದೀನಿ’ ಎಂದು ಗುಂಪನ್ನು ದಾಟಿ ಹೋದ. ಡ್ಯೂಟಿ ಉಳಿದದ್ದು ಮೂರು ದಿನ. ಸುಳ್ಳು ಪ್ರತಿಗೆ ಸಹಿ ಹಾಕಿದ್ದಕ್ಕೆ ಅವನು ಸಸ್ಪೆಂಡಾದ. ಇನ್ಸ್‌ಪೆಕ್ಟರಿಗೂ ದೂರದ ಜಿಲ್ಲೆಗೆ ವರ್ಗವಾಯಿತು.

‘ಒಂದು ‘ವಾ’ಗೆ ಕೆಲ್ಸ ಕಳ್ಕಂಡ್ರಾ?’ ಎಂದಳು ಹೆಂಡತಿ ರಂಗಮ್ಮ.

‘ವಾ ಹಾಕಿದ್ದಕ್ಕಲ್ಲ. ಬಿಟ್ಟಿದ್ದಕ್ಕೆ. ಬಿಡಬಾರದಿತ್ತು.’

‘ಬಿಡದೆ ಇದ್ದಿದ್ರೆ ಉಳೀತಿತ್ತಾ?’

ಹೂವಪ್ಪ ಯೋಚಿಸಿದ. ‘ಆಗ್ಲೂ ಹೋಗ್ತಿತ್ತು ಅನ್ಸುತ್ತೆ.’

ರಂಗಮ್ಮ ಮಗುವನ್ನು ಎತ್ತಿಕೊಂಡು ಆನಂದಪುರಕ್ಕೆ ಹೊರಟಳು, ನಾಟಿಯ ಕಾಲ, ಮಾವನ ಮನೆಯಲ್ಲಿ ಕೈ ಸಾಲದು ಎಂದು. ಹಿಂದೆಯೇ ಹೂವಪ್ಪನೂ ಹೋದ. ಏಳು ತಿಂಗಳು ಗದ್ದೆ ಕೆಲಸ ಮಾಡಿದ. ಅಪ್ಪ ಜಯಪ್ಪ ಒಂದು ದಿನ ಬದುವಿನ ಮೇಲೆ ಕೂತು, ‘ಒಡೇರು ಹೇಳಿದ್ದನ್ನ ನಾನು ಒಂದು ದಿನಾನೂ ಇನ್ನೊಂದ್ಸಲ ಹೇಳಿ ಅಂದೋನಲ್ಲ’ ಎಂದ. ಭೂತಪ್ಪನ ಕತೆಯನ್ನು ಹೂವಪ್ಪ ಅವನಿಗೆ ಹೇಳಿದ್ದ. ಅಪ್ಪ ಅದನ್ನು ಹೆಮ್ಮೆಯಿಂದ ಅಂದನೋ ನೊಂದು ಅಂದನೋ, ಅಷ್ಟು ಕಿವಿಯಿದ್ದ ಹೂವಪ್ಪನಿಗೂ ತಿಳಿಯಲಿಲ್ಲ.

ಅರವತ್ತೆಂಟರ ಮೊದಲಲ್ಲಿ ಅವನನ್ನು ಕೆಲಸಕ್ಕೆ ಕರೆದು ತೀರ್ಥಹಳ್ಳಿಗೆ ಹಾಕಿದರು. ಶಾರ್ಟ್‌ಹ್ಯಾಂಡಿಲ್ಲ, ಭಾಷಣವಿಲ್ಲ. ಪೇಟೆ ಬೀಟು, ತುಂಗೆಯ ಸೇತುವೆ ಹತ್ತಿರ ಲಾರಿ ನೋಡಿಕೊಳ್ಳುವುದು. ಅದೇ ವರ್ಷ ತಾಲ್ಲೂಕು ಬೋರ್ಡು ಕೈ ಬದಲಾಗಿ ಮಹಾಗಣಪತಿ ಅಧ್ಯಕ್ಷರಾದರು. ಸ್ವಲ್ಪ ದಿನಕ್ಕೆ ಅವರಿಂದ ಹೂವಪ್ಪನಿಗೆ ಕರೆ ಬಂತು. ಭಾನುವಾರ ಸಾಗರಕ್ಕೆ ಹೋದ.

ಮಹಾಗಣಪತಿ ತಾವೇ ಎದ್ದು ಬಂದು ಕೂರಿಸಿದರು. ‘ನಿನಗೆ ಅನ್ಯಾಯ ಆಯ್ತು ಹೂವಪ್ಪ. ಅದನ್ನ ಸರಿ ಮಾಡಣ. ಆಮೇಲೆ ಇನ್ನೊಂದು ವಿಷಯ. ಚುನಾವಣೆ ಹೊತ್ತಿಗೆ ಆನಂದಪುರದ ಸಭೇಲಿ ರಾಮಚಂದ್ರಪ್ಪ ನಮ್ಮವರ ಕೈಕಾಲು ಮುರೀರಿ ಅಂದಿದ್ದ. ಅದನ್ನ ಬರ್ಕಂಡೋನು ನೀನೇ. ಪುಸ್ತಕ ಠಾಣೇಲಿ ಇರ್ತದೆ. ನೀನು ಸಾಕ್ಷಿ ಹೇಳಿದ್ರೆ ಅವನ ಮೇಲೆ ಕೇಸು ನಿಲ್ಲುತ್ತೆ.’

‘ಮುರೀರಿ ಅನ್ಲಿಲ್ಲ ಸ್ವಾಮಿ,’ ಎಂದ ಹೂವಪ್ಪ. ‘ಮುರಿಯೋ ಕಾಲ ಬರ್ತದೆ ಅಂದ್ರು.’

‘ಎರಡೂ ಒಂದೇ ಅಲ್ವೇನಯ್ಯ?’

‘ಒಂದೇ ಆಗಿದ್ರೆ ಹೋದ್ವರ್ಷ ನೀವು ಜೈಲಿಗೆ ಹೋಗ್ಬೇಕಿತ್ತು.’

ಮಹಾಗಣಪತಿಯವರ ಮುಖ ಕೆಂಪಾಯಿತು. ಮಾತು ಹೊರಡುವ ಮೊದಲೇ ಒಳಬಾಗಿಲಲ್ಲಿ ಅವರ ಹೆಂಡತಿ ವಾಗ್ದೇವಿ ಕಾಫಿ ಲೋಟ ಹಿಡಿದು ನಿಂತಿದ್ದರು. ‘ತಿಂಗಳುಗಟ್ಲೆ ಕೋರ್ಟಿಗೆ ತಿರುಗಿದ್ದು ಸಾಕಾಜಿಲ್ಯಾ?’ ಎಂದರು ಗಂಡನಿಗೆ, ಮನೆಮಾತಿನಲ್ಲಿ. ‘ಈಗ ಇನ್ನೊಬ್ರನ್ನ ತಿರುಗ್ಸದು ಎಂತಕ್ಕೆ?’ ಲೋಟ ಇಟ್ಟು ಒಳಗೆ ಹೋದರು.

ಸ್ವಲ್ಪ ಹೊತ್ತು ಇಬ್ಬರೂ ಕಾಫಿ ಕುಡಿದರು. ಹೂವಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ‘ಒಂದು ಕೇಳ್ಲಾ ಸ್ವಾಮಿ? ಅವತ್ತು ಮೈಕು ಕೆಟ್ಟಿತಲ್ಲ. ಕೆಡದೆ ಇದ್ದಿದ್ರೆ ಮುಂದೆ ಏನು ಹೇಳೋರಿದ್ರಿ?’

ಮಹಾಗಣಪತಿ ಲೋಟವನ್ನು ಕೆಳಗಿಟ್ಟರು. ಸುಳ್ಳು ಹೇಳಬೇಕೋ ಬೇಡವೋ ಎಂದು ಯೋಚಿಸಿದಂತೆ ಕಂಡಿತು. ‘ಬ್ಯಾಡ, ಅಂಥ ಹುಕುಂ ಪಾಲಿಸಬ್ಯಾಡ ಅಂತ ಹೇಳೋನಿದ್ದೆ. ಬಾಯಿಗೆ ಬಂದಿತ್ತು. ಮೈಕು ಸತ್ತಿತು. ಅದು ಸರಿಯಾಗೋ ಹೊತ್ತಿಗೆ ವಕೀಲನ ಬುದ್ಧಿ ಬಂತು, ನುಂಗಿಕೊಂಡೆ.’

‘ಈಗಾದ್ರೆ?’

‘ಈಗ್ಲೂ ಅದೇ ನನ್ನ ಅಭಿಪ್ರಾಯ. ಬಹಿರಂಗದಲ್ಲಿ ಹೇಳೋಕೆ ಧೈರ್ಯ ಸಾಲದು.’

ರಾಮಚಂದ್ರಪ್ಪನವರ ಮೇಲೆ ಕೇಸಾಗಲಿಲ್ಲ. ಹೂವಪ್ಪನಿಗೆ ಆದ ಅನ್ಯಾಯ ಸರಿಯಾಗುವ ಮಾತೂ ಮತ್ತೆ ಬರಲಿಲ್ಲ. ತೀರ್ಥಹಳ್ಳಿಗೆ ಹಿಂದಿರುಗುವ ಬಸ್ಸಿನಲ್ಲಿ ಅವನು ಅದನ್ನು ಯೋಚಿಸಲಿಲ್ಲ. ಸಭೆಗೇ ಬರದಿದ್ದ ಇನ್ಸ್‌ಪೆಕ್ಟರು ‘ಪಾಲಿಸಬ್ಯಾಡ ಅಂತ್ಲೇ ಅವ್ರ ಅರ್ಥ’ ಎಂದದ್ದು ನಿಜವೇ ಆಗಿತ್ತು. ಕಿವಿಯಿಂದ ಕೇಳಿದ ತಾನು ಅದನ್ನು ಹಿಡಿಯಲಿಲ್ಲ. ಇದು ಹೇಗೆ ಎಂದು ದಾರಿಯುದ್ದಕ್ಕೂ ಅವನ ತಲೆಯಲ್ಲಿ ಸುತ್ತಿತು.

ಮರುವರ್ಷ ಬೇಸಿಗೆಯಲ್ಲಿ ಆ ಇನ್ಸ್‌ಪೆಕ್ಟರು ಮಗಳ ಮನೆಗೆಂದು ತೀರ್ಥಹಳ್ಳಿಗೆ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಿವೃತ್ತಿಯಾಗಿತ್ತು. ಮುಖ ಸೊರಗಿತ್ತು. ಹೂವಪ್ಪ ಸೆಲ್ಯೂಟ್ ಹೊಡೆದ. ಅವರು ಕಣ್ಣು ತಪ್ಪಿಸಿ, ಆಮೇಲೆ ನಿಂತರು. ಹೂವಪ್ಪ ಸುತ್ತು ಬಳಸದೆ ಮಹಾಗಣಪತಿಯವರು ಹೇಳಿದ್ದನ್ನು ಹೇಳಿಬಿಟ್ಟ. ಅದು ಅವರಿಗೆ ಸೇರಬೇಕಾದ ಸುದ್ದಿ ಎಂದು ಅವನ ಎಣಿಕೆ.

‘ನಾನು ಹೇಳಿರ್ಲಿಲ್ವಾ?’ ಎಂದರು ಅವರು.

‘ನೀವು ಹೇಳಿದ್ರಿ ಸಾರ್. ಅವ್ರು ಹೇಳಿರ್ಲಿಲ್ಲ.’

ಇನ್ಸ್‌ಪೆಕ್ಟರು ನಗುವುದಕ್ಕೆ ಹೋಗಿ ಕೆಮ್ಮಿದರು. ‘ನಿನ್ನ ಹೆಂಡ್ತಿ, ಮಗು ಚೆನ್ನಾಗಿದಾರಾ?’ ಎಂದು ಕೇಳಿದರು. ಶಿವಮೊಗ್ಗದ ಬಸ್ಸು ಬಂತು. ಹೂವಪ್ಪ ಅವರ ಚೀಲವನ್ನು ಮೇಲೆ ಹಾಕಿಸಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ.

ಅದೇ ವಾರ ಪೇಟೆಯಲ್ಲಿ ಯಾವುದೋ ಪಕ್ಷದ ಸಭೆ ನಡೆಯಿತು. ಕಂಬದ ಬುಡದ ಸ್ಟೂಲಿನಲ್ಲಿ ಶಿವಮೊಗ್ಗದಿಂದ ಬಂದ ಬೇರೊಬ್ಬ ಕೂತಿದ್ದ. ಬಂದೋಬಸ್ತಿಗೆ ಹಾಕಿದ್ದರಿಂದ ಹೂವಪ್ಪ ಜನರ ಹಿಂದೆ ಲಾಠಿ ಹಿಡಿದು ನಿಂತ. ಒಂಬತ್ತು ವರ್ಷ ಭಾಷಣ ಕೇಳಿದವನು, ಆ ಸಿಪಾಯಿಯೊಬ್ಬನನ್ನು ಬಿಟ್ಟರೆ, ಕೇಳುವವರ ಮುಖವನ್ನು ನೋಡಿರಲಿಲ್ಲ, ಕಣ್ಣು ಪುಸ್ತಕದಲ್ಲೇ ಇರುತ್ತಿತ್ತು. ಈಗ ನೋಡಿದ. ಮುಂದಿನ ಸಾಲಿನವನೊಬ್ಬ ಚಪ್ಪಾಳೆ ತಟ್ಟುವುದಕ್ಕೆ ಕೈ ಎತ್ತಿಕೊಂಡೇ ಕಾಯುತ್ತಿದ್ದ. ಇನ್ನೊಬ್ಬ ಪಕ್ಕದವನಿಗೆ ಎಮ್ಮೆಯ ವಿಷಯ ಹೇಳುತ್ತಿದ್ದ. ಒಬ್ಬ ಹೆಂಗಸು ಮಾತ್ರ ತಲೆಯ ಮೇಲೆ ಬುಟ್ಟಿ ಹೊತ್ತು, ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಮಾತೂ ಬಿಡದೆ ಕೇಳುತ್ತಿದ್ದಳು. ಸಭೆ ಮುಗಿದು ಜನ ಕರಗುವಾಗ ಹೂವಪ್ಪ ಅವಳ ಹತ್ತಿರ ಹೋಗಿ ಕೇಳಿದ:

‘ಅಮ್ಮಾ, ಅವ್ರು ಏನು ಹೇಳಿದ್ರು ಅಂತ ನಿಮ್ಗೆ ಅನ್ಸಿತು?’

ಪೊಲೀಸಿನವನು ಕೇಳಿದ್ದಕ್ಕೆ ಅವಳು ಮೊದಲು ಹೆದರಿದಳು. ಆಮೇಲೆ ಅವನ ಮುಖ ನೋಡಿ, ಪಕ್ಕದ ಮರದ ಕೆಳಗೆ ಬುಟ್ಟಿ ಇಳಿಸಿ, ಹೇಳುವುದಕ್ಕೆ ಶುರು ಮಾಡಿದಳು.